ಕೂಗಳತೆಗೆ ಸಿಗದ ಮನೆ

ಸಕಲೇಶಪುರದಿಂದ ಹಾನುಬಾಳಿನ ಕಡೆಗೆ ಹೋಗುವ ಟಾರು ರಸ್ತೆ ಬಿಟ್ಟ ಮೇಲೆ ಮೂರು ಕಿಲೋಮೀಟರ್ ಮಣ್ಣುದಾರಿ. ಎರಡೂ ಬದಿಗೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ. ಒಂದು ಹಳ್ಳ ದಾಟಿ ದಿಣ್ಣೆ ಹತ್ತಿದರೆ ಕಬ್ಬಿಣದ ಗೇಟು, ಗೇಟಿನಾಚೆ ನಮ್ಮ ದೊಡ್ಡಮ್ಮನ ಹೆಂಚಿನ ಮನೆ. ಹತ್ತಿರದ ನೆರೆ ಎಂದರೆ ಹಳ್ಳದ ಆಚೆಗಿನ, ತೋಟದ ಕೆಲಸಗಾರರ ಲೈನ್ ಮನೆಗಳು. ಅವೂ ಎಂಟುನೂರು ಮೀಟರ್ ದೂರ.

ದೊಡ್ಡಪ್ಪ ಹೋದ ಮೇಲೆ ದೊಡ್ಡಮ್ಮ ಇಲ್ಲಿ ಒಬ್ಬರೇ. ಮಳೆಗಾಲದಲ್ಲಿ ಎರಡು ತಿಂಗಳು ಬೆಂಗಳೂರಿನ ಮಗನ ಮನೆಗೆ ಹೋಗುತ್ತಾರೆ, ಆಗ ಮನೆಗೆ ಬೀಗ. ಹೋದ ವರ್ಷ ಮೆಣಸು ಕೊಯ್ಲಿನ ಹೊತ್ತಿಗೆ, ಅವರು ಒಂದು ಮದುವೆಗೆ ಹೋಗಿದ್ದ ರಾತ್ರಿ, ಕಳ್ಳರು ಗೋದಾಮಿನ ಕೊಂಡಿ ಕಿತ್ತು ಎರಡು ಚೀಲ ಮೆಣಸು ಹೊತ್ತೊಯ್ದರು. ಅಲಾರಂ ಹಾಕಿಸೋಣ ಎಂದು ಆ ಮಗ, ನನ್ನ ಅಣ್ಣ, ಫೋನಿನಲ್ಲಿ ಹೇಳಿದಾಗ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಅದು ಕೂಗುದ್ರೆ ಯಾರಿಗ್ ಕೇಳ್ಸುತ್ತಪ್ಪಾ?"

ಆ ಪ್ರಶ್ನೆಯನ್ನೇ ಹಿಡಿದು, ಅಲಾರಂ ಜೋಡಿಸುವ ಹುಡುಗನ ಜೊತೆ ನಾನು ಗೇಟಿನಿಂದ ಅಟ್ಟದವರೆಗೆ ಒಂದು ದಿನ ಪೂರ್ತಿ ನಡೆದೆ. ಒಂಟಿ ಮನೆಗೆ ಕಾವಲು ಹುಡುಕುತ್ತಿರುವ ಎಲ್ಲರಿಗೂ ಈ ನಡಿಗೆ ಉಪಯೋಗಕ್ಕೆ ಬರುತ್ತದೆಂದು ನಂಬಿದ್ದೇನೆ.

ಗೇಟು

ಕಳ್ಳನನ್ನು ಗೇಟಿನಲ್ಲೇ ಹಿಡಿಯಬೇಕೆಂಬುದು ಎಲ್ಲರ ಮೊದಲ ಆಸೆ. ಹುಡುಗ ಗೇಟಿನ ಕಂಬದ ಬುಡ ತೋರಿಸಿದ. ಕೆಸರಿನಲ್ಲಿ ಕಾಡುಹಂದಿಯ ಗೊರಸಿನ ಗುರುತು, ಸ್ವಲ್ಪ ಆಚೆಗೆ ಹಳೆಯ ಆನೆ ಲದ್ದಿ. ಇಲ್ಲಿ ಸಂವೇದಕ ಇಟ್ಟು ಸೈರನ್‌ಗೆ ಜೋಡಿಸಿದರೆ ಅದು ರಾತ್ರಿಯಿಡೀ ಬಡಿದುಕೊಳ್ಳುತ್ತದೆ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆ ನಮಗೆಲ್ಲ ಗೊತ್ತು. ನಾಲ್ಕು ಸುಳ್ಳು ಕೂಗಾದ ಮೇಲೆ ಐದನೆಯದಕ್ಕೆ ಯಾರೂ ಏಳುವುದಿಲ್ಲ. ಹಾಗಾಗಿ ಗೇಟಿಗೆ ಲೈಟು ಮಾತ್ರ: ಯಾರಾದರೂ ಸುಳಿದರೆ ಹೊತ್ತಿಕೊಂಡು ನಿಮಿಷದಲ್ಲಿ ಆರುವಂಥದು. ಕೂಗುವ ಹಕ್ಕು ಮನೆ, ಗೋದಾಮುಗಳ ಗೋಡೆಯಿಂದ ಒಳಗೆ ಎಂದು ಅಲ್ಲೇ ತೀರ್ಮಾನವಾಯಿತು.

ಗೋದಾಮು

ಕಣದ ಪಕ್ಕದಲ್ಲಿ ಗೋದಾಮು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ, ಕೊನೆಗೆ ಮೆಣಸು ಇಲ್ಲಿ ಚೀಲಗಳಲ್ಲಿ ಕೂರುತ್ತವೆ. 2024–25ರಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದಷ್ಟು ಏರಿದ ಮೇಲೆ ಒಂದೊಂದು ಚೀಲವೂ ಒಡವೆಯ ಪೆಟ್ಟಿಗೆಯಂತಾಗಿದೆ. ವರ್ಷದ ದುಡಿಮೆಯೆಲ್ಲ ಇರುವುದು ಇಲ್ಲಿ, ಅದರಿಂದ ಮೊದಲ ಸಂವೇದಕವೂ ಇಲ್ಲಿಗೇ.

ಬಾಗಿಲಿಗೆ ಹಾಕುವುದು ಮ್ಯಾಗ್ನೆಟಿಕ್ ಸ್ವಿಚ್. ಚೌಕಟ್ಟಿನಲ್ಲಿ ಒಂದು ತುಂಡು, ಬಾಗಿಲಿನಲ್ಲಿ ಆಯಸ್ಕಾಂತದ ತುಂಡು; ಎರಡೂ ದೂರವಾದ ಕ್ಷಣ ಸುದ್ದಿ ಹೋಗುತ್ತದೆ. ಅಮೆರಿಕದ ಆಗಸ್ಟಸ್ ಪೋಪ್ 1853ರಲ್ಲಿ ಪೇಟೆಂಟ್ ಪಡೆದು, ಆಮೇಲೆ ಎಡ್ವಿನ್ ಹೋಮ್ಸ್ ಬಾಸ್ಟನ್ನಿನ ಮನೆಗಳಿಗೆ ಹಾಕಿಕೊಟ್ಟ ವಿದ್ಯುತ್ ಅಲಾರಂನ ತಿರುಳೂ ಇದೇ: ಬಾಗಿಲು ಅಲುಗಿದರೆ ಗಂಟೆ ಬಾರಿಸು. ಬಾಸ್ಟನ್ನಿನಲ್ಲಿ ಆ ಗಂಟೆಗೆ ಕಿವಿಗೊಡುವ ಅಕ್ಕಪಕ್ಕದವರಿದ್ದರು ಎಂಬುದೇ ವ್ಯತ್ಯಾಸ.

ಮಲೆನಾಡಿನ ಬಾಗಿಲಿಗೆ ಇನ್ನೊಂದು ತೊಡಕಿದೆ. ಆಷಾಢದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಸೆಟೆಯುತ್ತದೆ. ಎರಡು ತುಂಡುಗಳ ನಡುವಿನ ಅಂತರ ಬೇಸಿಗೆಯಲ್ಲಿ ಸರಿಯಿದ್ದರೂ ಮಳೆಯಲ್ಲಿ ತಪ್ಪಬಹುದು. ಆದ್ದರಿಂದ ಅಂತರ ಹೆಚ್ಚಾದರೂ ತಡೆದುಕೊಳ್ಳುವ ದಪ್ಪನೆಯ ಲೋಹದ ಸ್ವಿಚ್ಚನ್ನೇ ಆರಿಸಿದೆವು. ಕಿತ್ತು ಹೋಗಿದ್ದ ಕೊಂಡಿಯ ಜಾಗಕ್ಕೆ ಆರು ಇಂಚಿನ ಬೋಲ್ಟ್ ಹಾಕಿದ ಹೊಸ ಕೊಂಡಿಯನ್ನೂ ಅವತ್ತೇ ಕೂರಿಸಿದೆವು. ಅಲಾರಂ ಕಳ್ಳನನ್ನು ತಡೆಯುವುದಿಲ್ಲ, ಸುದ್ದಿ ಮುಟ್ಟಿಸುತ್ತದೆ ಅಷ್ಟೆ. ಜನ ಬರುವವರೆಗೆ ತಡೆಯಬೇಕಾದ್ದು ಕೊಂಡಿ.

ನಡುಮನೆ ಮತ್ತು ಬಚ್ಚಲು

ಜಗಲಿ ಹತ್ತಿ ಒಳಗೆ ಹೋದರೆ ನಡುಮನೆ ಮಧ್ಯಾಹ್ನವೂ ಮಬ್ಬು. ಇಲ್ಲಿಗೆ ಪಿಐಆರ್ ಸಂವೇದಕ. ಮೈಬಿಸಿಯಿಂದ ಹೊಮ್ಮುವ ಅವಕೆಂಪು ಕಿರಣ ಜಾಗ ಬದಲಿಸಿದ್ದನ್ನು ಅದು ಗುರುತಿಸುತ್ತದೆ. ಹತ್ತು–ಹನ್ನೆರಡು ಮೀಟರ್ ಅದರ ನೋಟ. ಕಾಡಿನಲ್ಲಿ ಹುಲಿ ಎಣಿಸಲು ಇಡುವ ಕ್ಯಾಮೆರಾ ಟ್ರ್ಯಾಪ್‌ಗಳಲ್ಲಿ ಬಹಳಷ್ಟು ಇದೇ ವಿದ್ಯೆಯಿಂದ ಎಚ್ಚರಗೊಳ್ಳುತ್ತವೆ.

ಈ ಸಂವೇದಕಕ್ಕೂ ಒಂದು ಸ್ವಭಾವವಿದೆ. ಎದುರಿಗೆ ನೇರ ನಡೆದು ಬರುವವನಿಗಿಂತ ಅಡ್ಡ ಹಾಯುವವನನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಹಾಗಾಗಿ ಬಾಗಿಲಿಗೆ ಎದುರಾಗಿ ಇಡದೆ, ನಡುಮನೆಯಿಂದ ಕೋಣೆಗಳಿಗೆ ಹೋಗುವವರು ಅಡ್ಡ ಹಾಯಲೇಬೇಕಾದ ಮೂಲೆಗೆ ಇಟ್ಟೆವು. ಹೆಂಚಿನ ಸಂದಿಯಿಂದ ಬಾವಲಿ ನುಗ್ಗುತ್ತದೆ, ಸಂವೇದಕದ ಮುಖದ ಮೇಲೆ ಹಲ್ಲಿ ಓಡುತ್ತದೆ, ಜೇಡ ಬಲೆ ಕಟ್ಟುತ್ತದೆ. ಮೂರೂ ಸುಳ್ಳು ಕೂಗು ಹಾಕಿಸಬಲ್ಲವು. ಅದಕ್ಕೆ ಮದ್ದು ಎರಡು. ಒಂದು, ತಿಂಗಳಿಗೊಮ್ಮೆ ಒಣಬಟ್ಟೆಯಲ್ಲಿ ಒರೆಸುವುದು. ಎರಡು, ಮನೆಯ ಬಾಗಿಲಿನ ಸ್ವಿಚ್ಚೂ ಒಳಗಿನ ಸಂವೇದಕವೂ ಒಂದರ ಹಿಂದೆ ಒಂದು ಎದ್ದಾಗ ಮಾತ್ರ 'ಕಳ್ಳ' ಎಂದು ಸಾರಿ, ಒಂದೇ ಎದ್ದರೆ 'ನೋಡಿ' ಎಂದಷ್ಟೇ ಸಂದೇಶ ಕಳಿಸುವಂತೆ ಹೊಂದಿಸುವುದು.

ಬಚ್ಚಲಿನ ಹಿಂಬಾಗಿಲು ಎಲ್ಲ ಹಳೆ ಮನೆಗಳ ದುರ್ಬಲ ಜಾಗ. ಸೌದೆ ತರಲು, ಹಂಡೆಗೆ ಬೆಂಕಿ ಹಾಕಲು ಹಗಲೆಲ್ಲ ತೆರೆದೇ ಇರುತ್ತದೆ, ರಾತ್ರಿ ಅಗಳಿ ಹಾಕಲು ಮರೆತುಹೋಗುತ್ತದೆ. ಅಲ್ಲಿಯೂ ಒಂದು ಸ್ವಿಚ್ ಕೂರಿಸಿದೆವು. ಬಾಗಿಲು ತೆರೆದಿದ್ದರೆ ಅಲಾರಂ ಚಾಲೂ ಆಗುವುದೇ ಇಲ್ಲ. ಎಲ್ಲ ಸಂವೇದಕಗಳ ಸುದ್ದಿ ಸೇರುವ, ಅಟ್ಟದಲ್ಲಿಟ್ಟ ಅಲಾರಂ ಪೆಟ್ಟಿಗೆ ಬೀಪ್ ಎಂದು ನೆನಪಿಸುತ್ತದೆ.

ಗೋಡೆಗಳು ಎರಡಡಿ ದಪ್ಪದ ಮಣ್ಣಿನವು. ವೈರು ಎಳೆದರೆ ಅಟ್ಟದ ಇಲಿ ಕಡಿಯುತ್ತದೆ, ಸಿಡಿಲಿನ ಹೊತ್ತಿಗೆ ಉದ್ದದ ವೈರೇ ಶತ್ರುವಾಗುತ್ತದೆ. ವೈರ್‌ಲೆಸ್ ಆದರೆ ಗೋಡೆ ದಾಟಿ ಪೆಟ್ಟಿಗೆ ಮುಟ್ಟಬೇಕು. ಹುಡುಗ ಒಂದೊಂದು ಸಂವೇದಕವನ್ನೂ ಟೇಪಿನಲ್ಲಿ ಅಂಟಿಸಿ, ಎಲ್ಲ ಬಾಗಿಲು ಮುಚ್ಚಿ ಪರೀಕ್ಷಿಸಿದ. ಗೋದಾಮಿನದು ಎರಡು ಸಲ ತಪ್ಪಿತು. ಪೆಟ್ಟಿಗೆಯನ್ನು ಅಟ್ಟದಲ್ಲಿ ಗೋದಾಮಿನ ಕಡೆಯ ತುದಿಗೆ ಸರಿಸಿದ ಮೇಲೆ ಹತ್ತಕ್ಕೆ ಹತ್ತು ಸಲವೂ ಮುಟ್ಟಿತು. ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಿಸಿಕೊಳ್ಳದೆ ಯಾರೂ ಹಣ ಕೊಡಬಾರದು.

ಅಟ್ಟ

ಏಣಿ ಹತ್ತಿ ಅಟ್ಟಕ್ಕೆ ಹೋದೆವು. ಇದೇ ಇಡೀ ವ್ಯವಸ್ಥೆಯ ಹೃದಯ, ಹೆಚ್ಚಿನವರು ಕಡೆಗಣಿಸುವುದೂ ಇದನ್ನೇ.

ಮೊದಲು ಕರೆಂಟು. ಪೆಟ್ಟಿಗೆಯಲ್ಲಿರುವುದು 12 ವೋಲ್ಟಿನ, 7 ಆಂಪಿಯರ್-ಅವರ್ ಬ್ಯಾಟರಿ. ಸುಮ್ಮನೆ ಕಾಯುವಾಗ ಪೆಟ್ಟಿಗೆ 100 ಮಿಲಿಆಂಪಿಯರ್ ಎಳೆದರೆ ಲೆಕ್ಕದಲ್ಲಿ 70 ಗಂಟೆ. ಬ್ಯಾಟರಿ ಹಳತಾದಂತೆ ಅದರರ್ಧವೂ ನಿಲ್ಲದು. ಜುಲೈನಲ್ಲಿ ಮರ ಬಿದ್ದು ಕಂಬ ಮುರಿದರೆ ಇಲ್ಲಿ ನಾಲ್ಕು ದಿನ ಕರೆಂಟಿಲ್ಲ, ಮನೆಗೆ ಬೀಗ ಬಿದ್ದಿರುವುದೂ ಆಗಲೇ. ಅದಕ್ಕಾಗಿ ನಾಲ್ಕು ಪಟ್ಟು ದೊಡ್ಡ ಬ್ಯಾಟರಿ ಹೊರಗಿನಿಂದ ಜೋಡಿಸಿದೆವು. ಕರೆಂಟು ಹೋದ ಕೂಡಲೇ ಅದನ್ನೂ ಮೆಸೇಜಿನಲ್ಲಿ ತಿಳಿಸುವ ಪೆಟ್ಟಿಗೆಯೇ ಬೇಕು. ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್. ಅದು ಕೆಲಸ ಮಾಡಬೇಕಾದರೆ ಅರ್ಥಿಂಗ್ ಗುಂಡಿಯಲ್ಲಿ ಇದ್ದಿಲು, ಉಪ್ಪು, ತೇವ ಸರಿಯಾಗಿರಬೇಕು.

ಆಮೇಲೆ ಸಿಮ್. ಅಗ್ಗದ ಪೆಟ್ಟಿಗೆಗಳಲ್ಲಿ ಬಹಳಷ್ಟು 2ಜಿಯಲ್ಲಿ ಮಾತ್ರ ಮಾತಾಡುತ್ತವೆ. ಜಿಯೊ ಜಾಲದಲ್ಲಿ 2ಜಿ ಇಲ್ಲ, ಆ ಸಿಮ್ ಅಂಥ ಪೆಟ್ಟಿಗೆಯಲ್ಲಿ ಮೂಗವೇ. 4ಜಿ ಇರುವ, ಎರಡು ಸಿಮ್ ಹಿಡಿಯುವ ಪೆಟ್ಟಿಗೆ ಆರಿಸಿ, ಬೇರೆ ಬೇರೆ ಟವರಿನ ಎರಡು ಕಂಪನಿಯ ಸಿಮ್ ಹಾಕಿದೆವು. ಒಂದು ಟವರ್ ಕರೆಂಟಿಲ್ಲದೆ ಮಲಗಿದರೂ ಇನ್ನೊಂದು ಉಳಿಯಲಿ ಎಂದು. ಏರಿಯಲ್ಲನ್ನು ಕೇಬಲ್ಲಿನಲ್ಲಿ ಹೆಂಚಿನ ಮೇಲಕ್ಕೆ ಏರಿಸಿದಾಗ ಒಂದು ಕಡ್ಡಿ ಸಿಗ್ನಲ್ ಮೂರಾಯಿತು. ರೀಚಾರ್ಜ್ ಮುಗಿಯುವ ತಾರೀಖನ್ನು ದೊಡ್ಡಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟರು.

ಕೊನೆಯದಾಗಿ ದಿನಕ್ಕೊಂದು ಸಂದೇಶ. ಪ್ರತಿ ಬೆಳಿಗ್ಗೆ ಏಳಕ್ಕೆ ಪೆಟ್ಟಿಗೆ ತಾನು ಸರಿಯಿದ್ದೇನೆಂದು ಅಣ್ಣನಿಗೆ ಮೆಸೇಜ್ ಕಳಿಸುತ್ತದೆ. ಬಾರದ ದಿನ, ಬಾರದಿರುವುದೇ ಸುದ್ದಿ.

ಲೈನ್ ಮನೆ

ಇಷ್ಟೆಲ್ಲ ಆದ ಮೇಲೂ ದೊಡ್ಡಮ್ಮನ ಪ್ರಶ್ನೆ ಹಾಗೇ ಇತ್ತು. ಸೈರನ್ ಒಂದು ಮೀಟರಿನಲ್ಲಿ 110 ಡೆಸಿಬೆಲ್. ದೂರ ಇಮ್ಮಡಿಯಾದಂತೆಲ್ಲ 6 ಇಳಿಯುತ್ತದೆ. ಎಂಟುನೂರು ಮೀಟರಿಗೆ 50ರ ಆಸುಪಾಸು. ಬಯಲಾದರೆ ಕೇಳಬಹುದು. ಇಲ್ಲಿ ನಡುವೆ ದಿಣ್ಣೆ, ತೋಟ, ಹಳ್ಳ, ಮೇಲೆ ಮಳೆ. ಸೈರನ್ ಇರುವುದು ಕಳ್ಳನನ್ನು ಬೆಚ್ಚಿಸಲು ಮಾತ್ರ. ನೆರವನ್ನು ಕರೆಯಬೇಕಾದ್ದು ಫೋನು.

ಹಾಗಾದರೆ ಯಾರ ಫೋನು? ಈ ತಾಲ್ಲೂಕಿನಲ್ಲಿ ರಾತ್ರಿ ತೋಟದ ದಾರಿಯಲ್ಲಿ ನಡೆಯುವುದು ಹಗುರ ವಿಷಯವಲ್ಲ, ಆನೆಗೆ ಸಿಕ್ಕಿ ಜೀವ ಬಿಟ್ಟವರಿದ್ದಾರೆ. ತಮಿಳುನಾಡಿನ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಆನೆಯಿರುವ ಜಾಗವನ್ನು ಮೆಸೇಜಿನಿಂದಲೂ ಮೊಬೈಲಿನಿಂದ ಹೊತ್ತಿಸುವ ಕೆಂಪು ದೀಪದಿಂದಲೂ ಜನರಿಗೆ ತಿಳಿಸುವ ಏರ್ಪಾಡು ಮಾಡಿತು. ಹಾಸನ ಜಿಲ್ಲೆಯಲ್ಲಿಯೂ ಇಂಥ ಎಚ್ಚರಿಕೆ ಮೆಸೇಜುಗಳು ಬರುತ್ತವೆ. ನಾವು ತೋಟದ ಕೆಲಸ ನೋಡಿಕೊಳ್ಳುವ ರೈಟರ ಜೊತೆ ಕೂತು ಕಟ್ಟುಪಾಡು ಬರೆದೆವು: ಆನೆಯ ಮೆಸೇಜು ಬಂದಿರುವ ರಾತ್ರಿ ಯಾರೂ ಹೊರಡಕೂಡದು, 112ಕ್ಕೆ ಮಾತ್ರ ಕರೆ. ಉಳಿದ ರಾತ್ರಿ ಹೊರಟರೂ ಇಬ್ಬರಿಗಿಂತ ಕಡಿಮೆ ಹೋಗಕೂಡದು, ಬ್ಯಾಟರಿ ಲೈಟು ಇಲ್ಲದೆ ಹೋಗಕೂಡದು, ಕಳ್ಳನನ್ನು ಹಿಡಿಯಲು ನುಗ್ಗಕೂಡದು. "ಚೀಲ ಹೋದ್ರೆ ಹೋಗ್ಲಿ, ಜನ ಹೋಗ್ಬಾರ್ದು," ಎಂದರು ದೊಡ್ಡಮ್ಮ.

ಪೆಟ್ಟಿಗೆಗೆ ಆರು ನಂಬರು ಹಾಕಬಹುದು. ಅಣ್ಣ ತನ್ನದು ಮೊದಲಿರಲಿ ಎಂದಿದ್ದ. ದೊಡ್ಡಮ್ಮ ಒಪ್ಪಲಿಲ್ಲ. "ಅವ್ನು ಬೆಂಗ್ಳೂರಿಂದ ಎದ್ದು ಬರೋದ್ರೊಳಗೆ ಬೆಳಕಾಗುತ್ತೆ," ಎಂದು ಲೈನ್ ಮನೆಯ ಮೊದಲ ಮನೆಯ ಹೆಣ್ಣುಮಗಳ ನಂಬರು ಬರೆಸಿದರು. ಕೂಸು ಚಿಕ್ಕದು, ರಾತ್ರಿ ಎರಡು ಸಲ ಅವಳು ಎದ್ದೇ ಏಳುತ್ತಾಳೆ. ಎರಡನೆಯದು ಅವಳ ಗಂಡನದು, ಮೂರನೆಯದು ರೈಟರದು. ಮಗನದು ನಾಲ್ಕನೆಯದು.

ಸಂಜೆ ಕತ್ತಲಾಗುತ್ತಿದ್ದಂತೆ ನಾನು ಲೈನ್ ಮನೆಯ ಅಂಗಳದಲ್ಲಿ ನಿಂತೆ. ಮೇಲೆ ದೊಡ್ಡಮ್ಮ ಸೆರಗಿನ ತುದಿಗೆ ಕಟ್ಟಿಕೊಂಡ ಪುಟ್ಟ ರಿಮೋಟಿನ ಕೆಂಪು ಗುಂಡಿ ಒತ್ತಬೇಕೆಂದು ಮಾತಾಗಿತ್ತು. ಹಳ್ಳದ ಸದ್ದು, ಜೀರುಂಡೆ, ಅಷ್ಟೆ. ಸೈರನ್ ಕೇಳಲೇ ಇಲ್ಲ. ಒಳಗೆ ಫೋನ್ ಹೊಡೆದುಕೊಂಡಿತು. ಆ ಹೆಣ್ಣುಮಗಳು ಗಂಡನನ್ನು ಕೂಗಿದಳು, ಅವನು ಪಕ್ಕದ ಮನೆಯವನನ್ನು ಕೂಗಿದ. ಇಬ್ಬರೂ ಲೈಟು ಹಿಡಿದು ಹೊರಟರು, ನಾನು ಹಿಂದೆ ನಡೆದೆ.

ಜಗಲಿ ಮುಟ್ಟಿದಾಗ ಗಡಿಯಾರ ನೋಡಿಕೊಂಡೆ. ಹನ್ನೊಂದು ನಿಮಿಷ. ಮಳೆ ಹಿಡಿದ ಮೇಲೆ, ಹಳ್ಳ ತುಂಬಿದಾಗ, ಇನ್ನೊಮ್ಮೆ ಅಳೆಯಬೇಕು.