ಊರಿನ ಸೊಗಡೂ ಮನೆಯ ಬೆಲೆಯೂ

ಕನ್ನಡದಲ್ಲಿ ‘ಊರು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಮನೆಮಠ, ಕೇರಿ, ಕೆರೆಕಟ್ಟೆಗಳೂ ಊರೇ. ಅಲ್ಲಿ ಬಾಳುವ ಜನವೂ ಊರೇ. ‘ಊರಿಗೆ ಊರೇ ನೆರೆಯಿತು’ ಎಂದಾಗ ನೆರೆದದ್ದು ಗೋಡೆಗಳಲ್ಲವಷ್ಟೆ. ಈ ಎರಡು ಅರ್ಥಗಳು ಒಂದನ್ನೊಂದು ಅಗಲಿದರೆ ಏನಾದೀತೆಂದು ತಿಳಿಯಬೇಕಾದರೆ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ವಿಟ್‌ಬಿ ಎಂಬ ಬಂದರಿನ ಕಡೆ ನೋಡಬೇಕು.

ನಾನು ವಿಟ್‌ಬಿಯನ್ನು ಕಣ್ಣಾರೆ ಕಂಡವನಲ್ಲ. ಇಂಗ್ಲಿಷ್ ಕಾವ್ಯದ ಮೂಲವನ್ನು ಅರಸುತ್ತ ಹೋದಾಗ ಪುಸ್ತಕಗಳಲ್ಲಿ ಎದುರಾದ ಊರು ಅದು. 657ರಲ್ಲಿ ಅಲ್ಲಿಯ ಕಡಲಂಚಿನ ದಿಣ್ಣೆಯ ಮೇಲೆ ಒಂದು ಮಠ ಸ್ಥಾಪನೆಯಾಯಿತು. ಹಿಲ್ಡಾ ಎಂಬ ಸಾಧ್ವಿ ಅದರ ಮೊದಲ ಅಧಿಪತಿ. ಹೆಸರು ಉಳಿದು ಬಂದಿರುವ ಇಂಗ್ಲಿಷ್ ಕವಿಗಳಲ್ಲಿ ಮೊದಲಿಗನಾದ ಕ್ಯಾಡ್ಮನ್ ಅಲ್ಲಿ ದನ ಕಾಯುತ್ತಿದ್ದವನು. ಊಟದ ಕೂಟದಲ್ಲಿ ತಂತಿವಾದ್ಯ ಕೈಯಿಂದ ಕೈಗೆ ಬರುತ್ತಿದ್ದರೆ, ಹಾಡಲಾರದ ಆತ ನಾಚಿ ಎದ್ದು ಹೋಗಿ ದನದ ಕೊಟ್ಟಿಗೆಯಲ್ಲಿ ಮಲಗಿದನಂತೆ. ಕನಸಿನಲ್ಲಿ ಅವನಿಗೆ ಕವಿತೆ ಒಲಿಯಿತಂತೆ. ಇದು 8ನೆಯ ಶತಮಾನದ ಚರಿತ್ರಕಾರ ಬೀಡ್ ಬರೆದಿಟ್ಟ ಕಥೆ. ಲ್ಯಾಟಿನ್ ಬಲ್ಲವರ ಮಠದಲ್ಲಿ ದನಗಾಹಿಯ ಆಡುನುಡಿಗೆ ಹಿಲ್ಡಾ ಮನ್ನಣೆ ಕೊಟ್ಟಳೆಂಬುದೇ ಈ ಕಥೆಯ ಹಿರಿಮೆ.

ಆಮೇಲೂ ಆ ಊರಿಗೆ ಹೆಸರು ತಂದವರು ದುಡಿಯುವ ಜನರೇ. ಜೇಮ್ಸ್ ಕುಕ್ 1746ರಲ್ಲಿ ಕಡಲ ಕಸುಬು ಕಲಿಯಲು ಬಂದದ್ದು ಅಲ್ಲಿಗೆ. ಅವನು ಮುಂದೆ ಲೋಕವನ್ನು ಸುತ್ತಿದ ‘ಎಂಡೆವರ್’ ಹಡಗನ್ನು ಕಟ್ಟಿದವರು ಅಲ್ಲಿಯ ಬಡಗಿಗಳು. ತಿಮಿಂಗಿಲದ ಬೇಟೆ, ಮೀನುಗಾರಿಕೆ, ಜೆಟ್ ಎಂಬ ಕಪ್ಪು ಶಿಲೆಯ ಆಭರಣಗಳ ಕೆತ್ತನೆ, ಇವು ಊರಿಗೆ ಅನ್ನವಿಟ್ಟವು. ಎಸ್ಕ್ ನದಿಯ ಇಕ್ಕೆಲದಲ್ಲಿ ಒತ್ತಿಕೊಂಡು ನಿಂತ ಮನೆಗಳು, ಇಬ್ಬರು ಎದುರಾದರೆ ಮೈ ಸರಿಸಬೇಕಾದ ಓಣಿಗಳು, ದಿಣ್ಣೆಯ ಮೇಲಿನ ಇಗರ್ಜಿಗೆ ಏರುವ 199 ಮೆಟ್ಟಿಲುಗಳು, ಇವನ್ನೆಲ್ಲ ಯಾರೂ ನೋಟಕರಿಗಾಗಿ ಕಟ್ಟಲಿಲ್ಲ. ಬಾಳಿನ ಅಗತ್ಯ ರೂಪಿಸಿದ್ದನ್ನು ಕಾಲ ಚೆಲುವಾಗಿ ಮಾಡಿತು. ಬ್ರಾಮ್ ಸ್ಟೋಕರ್ 1890ರಲ್ಲಿ ಅಲ್ಲಿ ಬಿಡಾರ ಮಾಡಿ, 1897ರ ತನ್ನ ‘ಡ್ರಾಕುಲಾ’ ಕಾದಂಬರಿಯಲ್ಲಿ ಆ ಮೆಟ್ಟಿಲುಗಳನ್ನೂ ಚಿರಸ್ಮರಣೀಯವಾಗಿಸಿದನು.

ಇಂದು ಆ ಚೆಲುವೇ ಊರಿಗೆ ಮುಳುವಾಗಿದೆ. ಒಂದು ಕಡೆ ಕಡಲು, ಬೆನ್ನಿಗೆ ಸಂರಕ್ಷಿತ ಬಯಲುಸೀಮೆ. ಹೊಸ ಮನೆಗಳಿಗೆ ನೆಲ ಕಡಮೆ. ದೊಡ್ಡ ನಗರಗಳ ಸಂಬಳದವರು ವರ್ಷಕ್ಕೆ ಕೆಲವು ವಾರ ತಂಗಲು ಎರಡನೆಯ ಮನೆಯನ್ನು ಕೊಳ್ಳುತ್ತಾರೆ. ಬೆಲೆ ಅವರ ಹಣದ ಚೀಲವನ್ನು ನೋಡಿ ಏರುತ್ತದೆಯೇ ಹೊರತು ದೋಣಿಯವನ ಅಥವಾ ಹೋಟೆಲಿನ ಮಾಣಿಯ ಕೂಲಿಯನ್ನು ನೋಡಿಯಲ್ಲ. ಮನೆಯೊಡೆಯನಿಗೂ ವರ್ಷದ ಬಾಡಿಗೆಗಿಂತ ಬೇಸಗೆಯ ವಾರದ ಬಾಡಿಗೆ ಲಾಭಕರ. ಹೀಗೆ ಊರಿನ ಮಕ್ಕಳಿಗೆ ಊರಿನಲ್ಲಿ ಕೊಳ್ಳಲೂ ಮನೆಯಿಲ್ಲ, ಬಾಡಿಗೆಗೂ ಮನೆಯಿಲ್ಲ. ಚಳಿಗಾಲದ ಸಂಜೆ ದೀಪವಿಲ್ಲದ ಕಿಟಕಿಗಳೇ ಸಾಲುಗಟ್ಟಿದರೆ ಶಾಲೆ, ಅಂಗಡಿ, ನೆರೆಹೊರೆ ಯಾವುದು ತಾನೆ ಉಳಿದೀತು?

2022ರ ಜೂನ್ ತಿಂಗಳಲ್ಲಿ ವಿಟ್‌ಬಿಯವರು ಈ ಬಗ್ಗೆ ಮತ ಹಾಕಿದರು. ಹೊಸದಾಗಿ ಕಟ್ಟುವ ಮನೆಗಳು ಅಲ್ಲಿಯೇ ಖಾಯಂ ಆಗಿ ನೆಲೆಸುವವರಿಗೆ ಮೀಸಲಾಗಬೇಕೆ ಎಂಬುದು ಪ್ರಶ್ನೆ. ಮತ ಕೊಟ್ಟವರಲ್ಲಿ ಶೇಕಡ 93ರಷ್ಟು ಜನ ಹೌದೆಂದರು. ಆ ತೀರ್ಪಿಗೆ ಕಾನೂನಿನ ಬಲವಿರಲಿಲ್ಲ. ಆದರೂ ಅದು ಊರಿನ ದನಿ.

ಮದ್ದು ಸುಲಭವಾಗಿಲ್ಲ. ಕಾರ್ನ್‌ವಾಲಿನ ಸೇಂಟ್ ಐವ್ಸ್ ಎಂಬ ಬಂದರು 2016ರಲ್ಲಿಯೇ ಇಂಥ ಕಟ್ಟಳೆಯನ್ನು ಜನಮತದಿಂದ ತಂದಿತು. ಆದರೆ ಹೊಸ ಮನೆ ದೊರೆಯದ ಹೊರಗಿನವರು ಹಳೆಯ ಮನೆಗಳತ್ತ ತಿರುಗುತ್ತಾರೆ, ಕಟ್ಟುವವರ ಉತ್ಸಾಹವೂ ಕುಂದುತ್ತದೆ ಎಂದು ಅರ್ಥಶಾಸ್ತ್ರಜ್ಞರು ಎಚ್ಚರಿಸಿದ್ದಾರೆ. 2025ರ ಏಪ್ರಿಲ್‌ನಿಂದ ಎರಡನೆಯ ಮನೆಗಳ ಮೇಲೆ ಸ್ಥಳೀಯ ತೆರಿಗೆಯನ್ನು ಇಮ್ಮಡಿಗೊಳಿಸುವ ಅಧಿಕಾರ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಿಗೆ ಬಂದಿದೆ. ವಿಟ್‌ಬಿ ಸೇರಿದ ನಾರ್ತ್ ಯಾರ್ಕ್‌ಷೈರ್ ಅದನ್ನು ಜಾರಿಗೆ ತಂದಿದೆ. ಬೇಸಗೆಯ ಅತಿಥಿಗಳಿಂದಲೇ ಅನೇಕರ ಒಲೆ ಉರಿಯುತ್ತದೆಂಬುದೂ, ಹೆಚ್ಚಿನ ಬೆಲೆಗೆ ಮನೆ ಮಾರಿದವರಲ್ಲಿ ಊರಿನವರೂ ಇದ್ದಾರೆಂಬುದೂ ನಿಜವೇ.

ಆದರೂ ಒಂದು ಮಾತು ಉಳಿಯುತ್ತದೆ. ಕೊಳ್ಳುವವನು ಬೆಲೆ ತೆರುವುದು ಬರಿಯ ಕಲ್ಲುಗಾರೆಗಲ್ಲ. ಆ ಊರಿನ ಸೊಗಡಿಗೆ. ಸೊಗಡಾದರೋ ಅಲ್ಲಿ ಹುಟ್ಟಿ, ದುಡಿದು, ಜಗಳವಾಡಿ, ಹಾಡಿ ಬಾಳಿದವರ ಗಳಿಕೆ. ಅವರನ್ನು ಹೊರಗಟ್ಟಿ ಅದನ್ನು ಕೊಳ್ಳಹೊರಡುವುದು ಹೂವನ್ನು ಬಿಸುಟು ಕಂಪನ್ನು ಕೊಂಡಂತೆ. ಇಂಗ್ಲೆಂಡಿನಲ್ಲಿ ಇಂದು ಎಷ್ಟೋ ಹಳೆಯ ಕೊಟ್ಟಿಗೆಗಳು ಪ್ರವಾಸಿಗಳ ಬಿಡಾರಗಳಾಗಿವೆ. ಕ್ಯಾಡ್ಮನ್ ಈಗ ಕೂಟದಿಂದ ಎದ್ದು ಹೊರಟರೆ, ಅವನು ಮಲಗಿ ಕನಸು ಕಾಣುವುದೆಲ್ಲಿ?