ಆಟಿಯ ಕಹಿ, ಹಿತ್ತಲಿನ ಸಿಹಿ

ಬೆಳಕು ಹರಿಯುವ ಮೊದಲೇ ಮನೆಯ ಹಿರಿಯರೊಬ್ಬರು ಹರಿತವಾದ ಕಲ್ಲೊಂದನ್ನು ಹಿಡಿದು ಗುಡ್ಡೆಗೆ ಹೋಗುತ್ತಾರೆ. ಕತ್ತಿ ಒಯ್ಯುವಂತಿಲ್ಲ. ಪಾಲೆ ಮರದ ತೊಗಟೆಗೆ ಕಬ್ಬಿಣ ತಾಗಬಾರದು ಎಂಬುದು ಹಿಂದಿನಿಂದ ಬಂದ ಕಟ್ಟಳೆ. ಅವರು ಮರಳುವಷ್ಟರಲ್ಲಿ ಒಲೆಯ ಕೆಂಡದಲ್ಲಿ ಬೊಳ್ಕಲ್ಲು, ಅಂದರೆ ಬಿಳಿ ಕಲ್ಲು, ಕೆಂಪಗೆ ಕಾದಿರುತ್ತದೆ. ತೊಗಟೆ ಜಜ್ಜಿ ಹಿಂಡಿದ ರಸಕ್ಕೆ ಬೆಳ್ಳುಳ್ಳಿ, ಕಾಳುಮೆಣಸು, ಓಮ ಅರೆದು ಸೇರಿಸಿ ಆ ಕಲ್ಲನ್ನು ಮುಳುಗಿಸಿದರೆ ಚುಂಯ್ ಎಂದು ಹೊಗೆಯೇಳುತ್ತದೆ. ಅದೇ ಒಗ್ಗರಣೆ. ಮನೆಮಂದಿ ಬರಿಹೊಟ್ಟೆಯಲ್ಲಿ ಒಂದೊಂದು ಸಣ್ಣ ಲೋಟ ಕುಡಿದು ಮುಖ ಕಿವುಚುತ್ತಾರೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆ ಶುರುವಾಗುವುದು ಹೀಗೆ.

ಕಹಿಯ ಬೆನ್ನಿಗೇ ಮೆಂತೆ ಗಂಜಿ ಬರುತ್ತದೆ. ಕಷಾಯ ಉಷ್ಣ, ಮೆಂತೆ ತಂಪು ಎಂಬುದು ಇಲ್ಲಿನವರ ಲೆಕ್ಕ. ರಾತ್ರಿ ನೆನೆಸಿದ ಮೆಂತೆಯನ್ನು ಅಕ್ಕಿಯೊಂದಿಗೆ ಮೆತ್ತಗೆ ಬೇಯಿಸಿ, ತೆಂಗಿನಹಾಲು, ಬೆಲ್ಲ ಹಾಕಿ ಇಳಿಸುತ್ತಾರೆ. ಬಿಸಿ ಗಂಜಿ ಗಂಟಲಿಗಿಳಿದಾಗ ನಾಲಗೆಯ ಕಹಿಯೂ ನಿಧಾನವಾಗಿ ಕರಗುತ್ತದೆ.

ಬಡತನ ಕಲಿಸಿದ ಅಡುಗೆ

ಆಟಿ ತುಳುವರ ಸೌರಮಾನ ವರ್ಷದ ನಾಲ್ಕನೆಯ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಅದು ಜಡಿಮಳೆಯ ಕಾಲ. ಹಿಂದೆ ಆ ಹೊತ್ತಿಗೆ ನಾಟಿ ಮುಗಿದು ಕೂಲಿ ನಿಲ್ಲುತ್ತಿತ್ತು, ಕಣಜದ ಅಕ್ಕಿ ತಳ ಕಾಣುತ್ತಿತ್ತು, ಕಡಲಿಗೆ ಇಳಿಯುವಂತಿರಲಿಲ್ಲ. ಗದ್ದೆಯ ಏಡಿ, ಒಣಮೀನು ಒಂದಷ್ಟು ಆಸರೆಯಾಗುತ್ತಿದ್ದವು. ಹೆಚ್ಚಿನ ದಿನಗಳಲ್ಲಿ ಹೊಟ್ಟೆ ತುಂಬಿಸಿದ್ದು ಹಿತ್ತಲು ಮತ್ತು ಗುಡ್ಡೆಯ ಸೊಪ್ಪುಸದೆ.

ಮಳೆ ಬಿದ್ದೊಡನೆ ದಾರಿಬದಿಯಲ್ಲಿ ತಾನಾಗಿ ಏಳುವ ಚಗಟೆ ಸೊಪ್ಪು ತುಳುವಿನಲ್ಲಿ ತಜಂಕ್. ಎಳೆ ಚಿಗುರನ್ನು ಹಲಸಿನ ಬೀಜದ ಜೊತೆ ಪಲ್ಯ ಮಾಡುತ್ತಾರೆ, ಅಕ್ಕಿ ಹಿಟ್ಟಿಗೆ ಬೆರೆಸಿ ವಡೆ ತಟ್ಟುತ್ತಾರೆ. ಕೆಸುವಿನ ಎಲೆಗೆ ಮಸಾಲೆ ಹಿಟ್ಟು ಸವರಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ಪತ್ರೊಡೆ. ಎಲೆಯಲ್ಲಿರುವ ಆಕ್ಸಲೇಟ್ ಹರಳುಗಳಿಂದ ಗಂಟಲು ತುರಿಸಬಾರದೆಂದೇ ಹಿಟ್ಟಿಗೆ ಹುಣಸೆಹುಳಿ ಧಾರಾಳವಾಗಿ ಬೀಳುತ್ತದೆ. ಕಣಿಲೆಯನ್ನು, ಅಂದರೆ ಎಳೆ ಬಿದಿರನ್ನು, ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು ದಿನವೂ ನೀರು ಬದಲಿಸುತ್ತಾರೆ. ಅದರೊಳಗಿನ ಸಯನೈಡ್ ಅಂಶ ತೊಲಗುವುದು ಹಾಗೆ. ರಸಾಯನಶಾಸ್ತ್ರ ಓದದ ಅಜ್ಜಿಯಂದಿರು ಇದನ್ನೆಲ್ಲ ಸೊಸೆಯಂದಿರಿಗೆ ಕೈಹಿಡಿದು ಕಲಿಸಿದರು.

ಬೇಸಿಗೆಯ ದುಡಿಮೆ ಆಟಿಯಲ್ಲಿ ಫಲ ಕೊಡುತ್ತದೆ. ಭರಣಿಯಿಂದ ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯಾದ ಉಪ್ಪುಸೊಳೆ, ಅಟ್ಟದ ಡಬ್ಬದಿಂದ ಹಲಸಿನ ಹಪ್ಪಳ ಹೊರಬರುತ್ತವೆ. ಮಕ್ಕಳ ಜೇಬಿಗೆ ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿದ ಹಲಸಿನ ಬೀಜ, ಅಂದರೆ ಸಾಂತಾಣಿ. ಕೈಗೆ ಮಾವಿನ ರಸದ ಮಾಂಬಳ. ಒಣಗಿಸಿಟ್ಟ ಪುನರ್ಪುಳಿ ಸಿಪ್ಪೆ ಊಟದ ಕೊನೆಗೆ ಕೆಂಪು ಸಾರಾಗುತ್ತದೆ. ಅರಸಿನ ಎಲೆಯಲ್ಲಿ ಕಾಯಿ ಬೆಲ್ಲದ ಹೂರಣವಿಟ್ಟು ‘ಗಟ್ಟಿ’ ಎಂಬ ಕಡುಬು ಬೇಯಿಸಿದ ದಿನ ಪರಿಮಳ ಪಕ್ಕದ ಮನೆಗೂ ತಿಳಿಯುತ್ತದೆ.

ಮರ ಗುರುತಿಸುವ ಕಣ್ಣು

ಪಾಲೆ ಮರ ಸಂಸ್ಕೃತದ ಸಪ್ತಪರ್ಣ. ಒಂದೇ ಗೆಣ್ಣಿನ ಸುತ್ತ ಸಾಮಾನ್ಯವಾಗಿ ಏಳು ಎಲೆಗಳು ಕೊಡೆಯಂತೆ ಹರಡಿರುತ್ತವೆ. ಗೀರಿದರೆ ಬಿಳಿ ಹಾಲು ಒಸರುತ್ತದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಆಲ್‌ಸ್ಟೋನಿಯಾ ಸ್ಕಾಲರಿಸ್. ಇದರ ಹಲಗೆ ಬರೆಯುವ ಪಾಟಿಯಾಗುತ್ತಿದ್ದುದರಿಂದ ‘ಸ್ಕಾಲರಿಸ್’ ಎಂಬ ಪದ ಸೇರಿತು. ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಪದವೀಧರರಿಗೆ ಇದೇ ಮರದ ಎಲೆಗಳನ್ನು ಕೊಡುವ ಸಂಪ್ರದಾಯವಿತ್ತು. ತೊಗಟೆಯಲ್ಲಿ ಎಕಿಟಮೀನ್ ಮುಂತಾದ ಆಲ್ಕಲಾಯ್ಡುಗಳಿವೆ. ನಾಡವೈದ್ಯರು ಜ್ವರಕ್ಕೆ ಬಳಸಿಕೊಂಡು ಬಂದ ತೊಗಟೆ ಇದು. ವರ್ಷಕ್ಕೊಂದೇ ದಿನ, ಒಂದೇ ಸಣ್ಣ ಲೋಟ ಎಂಬ ಮಿತಿಯನ್ನು ಪಾಲಿಸಲೇಬೇಕು. ಗರ್ಭಿಣಿಯರು, ಪುಟ್ಟ ಮಕ್ಕಳು, ದಿನವೂ ಮಾತ್ರೆ ನುಂಗುವವರು ಇದರಿಂದ ದೂರವಿರುವುದು ಒಳ್ಳೆಯದು.

ಇದಕ್ಕಿಂತ ದೊಡ್ಡ ಎಚ್ಚರವೊಂದಿದೆ. ಅದೇ ಗುಡ್ಡೆಯಲ್ಲಿ ಕಾಸರಕನ ಮರವೂ ಬೆಳೆಯುತ್ತದೆ. ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ಘೋರ ವಿಷ. ಮುಂಜಾನೆಯ ಕತ್ತಲಲ್ಲಿ ಗುರುತು ತಪ್ಪಿದರೆ ಜೀವಕ್ಕೇ ಸಂಚಕಾರ. ಅದಕ್ಕೇ ತಿಳಿದವರು ಹಿಂದಿನ ದಿನ ಹಗಲಲ್ಲೇ ಹೋಗಿ ಮರ ನೋಡಿ ಬರುತ್ತಾರೆ.

ಈಗ ಮಂಗಳೂರು, ಉಡುಪಿಯಿಂದ ಮುಂಬಯಿವರೆಗೆ ತುಳು ಸಂಘಗಳು ‘ಆಟಿಡೊಂಜಿ ದಿನ’, ಅಂದರೆ ಆಟಿಯಲ್ಲೊಂದು ದಿನ, ಆಚರಿಸುತ್ತವೆ. ಊರು ಬಿಟ್ಟವರ ಮಕ್ಕಳಿಗೆ ಪತ್ರೊಡೆಯ ರುಚಿ ಸಿಗುವುದು ಸಂತೋಷದ ಮಾತು. ಆ ಮಕ್ಕಳನ್ನು ಒಮ್ಮೆ ಪಾಲೆ ಮರದ ಬುಡಕ್ಕೂ ಕರೆದೊಯ್ಯಬೇಕು, ಏಳು ಎಲೆ ಎಣಿಸಲು ಹೇಳಬೇಕು. ಬುಡದ ಸುತ್ತಲೂ ತೊಗಟೆ ಸುಲಿದರೆ ಮರ ಒಣಗುತ್ತದೆ. ಕಲ್ಲಿನಲ್ಲಿ ಕೆತ್ತಿದರೆ ಸಿಗುವುದು ಒಂದು ಮನೆಗೆ ಸಾಕಾಗುವಷ್ಟು ಮಾತ್ರ. ಕತ್ತಿ ಒಯ್ಯಬೇಡ ಎಂದ ಹಿರಿಯರ ಮಾತಿನಲ್ಲಿ ಮುಂದಿನ ಆಟಿಗೂ ಮರ ಉಳಿಯಲಿ ಎಂಬ ಕಾಳಜಿ ನನಗೆ ಕೇಳಿಸುತ್ತದೆ.