ಟೊಮೆಟೊ ಅಗ್ಗವಾದ ತಿಂಗಳು

2023ರ ಜುಲೈನಲ್ಲಿ ಬೆಂಗಳೂರಲ್ಲಿ ಕೆಜಿ ಟೊಮೆಟೊ ನೂರು ರೂಪಾಯಿ ದಾಟಿತ್ತು. ಬೆಳೆಗೆ ಮೊದಲೇ ರೈತರಿಗೆ ಹಣ ಕೊಟ್ಟು, ವಾರವಾರ ಒಪ್ಪಿದ ದರಕ್ಕೆ ಒಂದು ಬುಟ್ಟಿ ತರಕಾರಿ ಪಡೆಯುವ ಯೋಜನೆಗಳ ಸದಸ್ಯರು ಅಂಥ ತಿಂಗಳಲ್ಲಿ ಬಿಟ್ಟುಹೋಗುವ ಮಾತೇ ಇಲ್ಲ. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತು. ವಿಜಯನಗರ ಮಾರ್ಕೆಟ್‌ನಲ್ಲಿ ರಾಶಿ ಟೊಮೆಟೊ ಅಗ್ಗಕ್ಕೆ ಸಿಗುವಾಗಲೂ ಒಪ್ಪಿದ ದರದ ಬುಟ್ಟಿಯನ್ನೇ ಕೊಳ್ಳುವುದಿದೆಯಲ್ಲ, ಸದಸ್ಯರ ನಿಷ್ಠೆ ತಿಳಿಯುವುದು ಅಲ್ಲಿ. ರಾಜಾಜಿನಗರದ ಮನೆಗಳಿಗೆ ಇದು ಹೊಸದಲ್ಲ: ಚೀಟಿ ಎತ್ತಿದ ಮೇಲೂ ಕಂತು ಕಟ್ಟಲೇಬೇಕು, ಇಲ್ಲದಿದ್ದರೆ ಉಳಿದವರು ಮುಳುಗುತ್ತಾರೆ.

ರೈತರ ತರಕಾರಿ ಮಾರಲು ಹಾಪ್‌ಕಾಮ್ಸ್ ಇದೆಯಲ್ಲ ಅನ್ನಬಹುದು. 1959ರಲ್ಲಿ ಹುಟ್ಟಿದ ಆ ಸಹಕಾರ ಸಂಘ ಬೆಳೆಗಾರರದ್ದು. ಅಲ್ಲಿ ಬೆಳೆ ಕೈಕೊಟ್ಟರೆ ಕೊಳ್ಳುವವರು ನಷ್ಟ ಹಂಚಿಕೊಳ್ಳುವುದಿಲ್ಲ. ಗಟ್ಟಿ ಆಕ್ಷೇಪ ಇನ್ನೊಂದಿದೆ: ಸತತ ಮೂರು ವಾರ ಮೂಲಂಗಿ, ಸೀಮೆಬದನೆಯೇ ಬಂದರೆ ಯಾರು ತಿಂತಾರೆ? ನ್ಯಾಯವಾದ ಮಾತು. ಫ್ರಿಜ್‌ನಲ್ಲಿ ಬಾಡಿ ಕಪ್ಪಾದ ದಂಟಿನ ಸೊಪ್ಪು ನೋಡಿಯೇ ಎಷ್ಟೋ ಮನೆಗಳು ಸದಸ್ಯತ್ವ ಬಿಡುತ್ತವೆ. ಹಾಗಾಗಿ ಒಂದೆರಡು ತರಕಾರಿ ಬದಲಿಸಿಕೊಳ್ಳುವ ಅವಕಾಶ ಬೇಕು, ಊರಿಗೆ ಹೋದ ವಾರದ ಬುಟ್ಟಿ ಮುಂದಕ್ಕೆ ಹಾಕಲು ಬಿಡಬೇಕು, ವರ್ಷದ ಹಣ ಒಟ್ಟಿಗೆ ಕೇಳುವ ಬದಲು ತಿಂಗಳ ಕಂತು ಮಾಡಬೇಕು. ದರ ಮಾತ್ರ ದಿನದ ಮಾರುಕಟ್ಟೆಯ ಹಿಂದೆ ಓಡಬಾರದು. ಓಡಿದರೆ ಕೆಂಗೇರಿ ಆಚೆಯ ರೈತ ಮುಂದಿನ ಹಂಗಾಮಿಗೆ ಯಾವ ಧೈರ್ಯದಲ್ಲಿ ಸಸಿ ನೆಡಬೇಕು?